ಶಾಲೆಗೆ ಮಳೆ ರಜೆ ಕೊಟ್ರಿ, ಹಸಿವಿಗೆ ಯಾವಾಗ ಕೊಡ್ತೀರಿ?

ಗೆಳೆಯರೇ, ಇದು ಸ್ವಲ್ಪ ಉದ್ದ ಆಗುತ್ತೆ. ತಾಳ್ಮೆಯಿಂದ ಓದಿ. ಓದಿ ಆದ್ಮೇಲೆ ಬೈಯೋದಿದ್ರೆ ಬೈಯಿರಿ, ಆದ್ರೆ ಪೂರ್ತಿ ಓದಿ ಬೈಯಿರಿ.

ಹೋದ ವರ್ಷದ ಜುಲೈ. ಪುಷ್ಯ ಮಳೆ ಹಿಡಿದು ಐದಾರು ದಿನ ಆಗಿತ್ತು. ಬೆಳಿಗ್ಗೆ ಎಂಟೂಕಾಲಕ್ಕೆ ನನ್ನ ಫೋನಿಗೆ ಒಂದು ವಾಟ್ಸ್ಯಾಪ್ ಬಂತು. "ಭಾರಿ ಮಳೆಯ ಮುನ್ಸೂಚನೆ ಇರುವುದರಿಂದ ಈ ದಿನ ಅಂಗನವಾಡಿ, ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ರಜೆ." ನಾನು ಆಗ ನಮ್ಮ ಮೂಡಿಗೆರೆ ಕಡೆಯ ಒಂದು ಸರ್ಕಾರಿ ಶಾಲೆ ಮುಂದೆ ಹೋಗ್ತಿದ್ದೆ. ನೋಡಿದ್ರೆ ಬೀಗ ಹಾಕಿದ ಶಾಲೆಯ ಜಗುಲಿ ಮೇಲೆ ಏಳು ಮಕ್ಕಳು ನಿಂತಿದ್ದಾರೆ. ಎಲ್ಲಾ ಲೈನ್ ಮನೆ ಮಕ್ಕಳು, ನಮ್ಮ ಕೇರಿ ಮಕ್ಕಳು. ಮೂರು ಕಿಲೋಮೀಟರ್ ನಡೆದು ಬಂದಿದ್ವು. ಎರಡು ಮಕ್ಕಳಿಗೊಂದು ಕೊಡೆ, ಉಳಿದವಕ್ಕೆ ಗೊಬ್ಬರದ ಚೀಲದ ಕೊಪ್ಪೆ. ತಲೆಯಿಂದ ನೀರು ಇಳೀತಾ ಇತ್ತು.

"ಇವತ್ತು ರಜೆ ಕಣ್ರೋ, ಮನೆಗೆ ಹೋಗಿ" ಅಂದೆ. ದೊಡ್ಡವು ಖುಷಿಯಾದ್ವು, ಮಕ್ಕಳಲ್ವಾ. ಆದ್ರೆ ಎರಡನೇ ಕ್ಲಾಸಿನ ಒಂದು ಹುಡುಗಿ ಮಾತ್ರ ಅಲ್ಲೇ ನಿಂತು ಕೇಳಿದ್ಲು: "ಅಕ್ಕ, ಹಂಗಾರೆ ಊಟ?"

ಅವಳಿಗೆ ಉತ್ತರ ಕೊಡೋಕೆ ನನಗೆ ಆಗಲಿಲ್ಲ. ಈ ಪೋಸ್ಟು ಅವಳಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲೇ ಹೇಳಿಬಿಡ್ತೀನಿ. ಮಳೆ ರಜೆ ಬೇಡ ಅಂತ ನಾನು ಹೇಳ್ತಿಲ್ಲ. ಮಲೆನಾಡಿನ ಮಳೆ ಏನು ಅಂತ ನನಗೆ ಯಾರೂ ಪಾಠ ಮಾಡಬೇಕಾಗಿಲ್ಲ. ನಾನು ಲೈನ್ ಮನೆಯಲ್ಲಿ ಹುಟ್ಟಿದವಳು. ಹಳ್ಳ ಉಕ್ಕಿದಾಗ ನಮ್ಮವ್ವ ನನ್ನ ರಟ್ಟೆ ಹಿಡಿದು ದಾಟಿಸಿದ್ದು ಇವತ್ತಿಗೂ ಕೈಯಲ್ಲಿ ನೆನಪಿದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಬರ್ತಿದ್ದ ಎರಡನೇ ತರಗತಿಯ ಮಗುವೊಂದು ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿತ್ತು. ಹೆಣ ಸಿಕ್ಕಿದ್ದು ಎರಡು ದಿನ ಆದ ಮೇಲೆ. ಅಂಥ ದಿನ ಮಗು ಮನೆಯಲ್ಲಿರಬೇಕು ಅನ್ನೋದರಲ್ಲಿ ನನಗೆ ಯಾವ ತಕರಾರೂ ಇಲ್ಲ.

ನನ್ನ ತಕರಾರು ಬೇರೆ. ಮಳೆ ಬಂದಾಗ ಈ ರಾಜ್ಯಕ್ಕೆ ಗೊತ್ತಿರೋದು ಒಂದೇ ಕೆಲಸ, ಬೀಗ ಹಾಕೋದು. ಕಾಲುಸಂಕ ಸರಿ ಮಾಡೋಕೆ ಆಗಲ್ಲ, ಬೀಗ. ಸೋರುವ ಮಾಡು ಹೊದಿಸೋಕೆ ಆಗಲ್ಲ, ಬೀಗ. ಆ ಬೀಗದ ಹಿಂದೆ ಮಕ್ಕಳ ಪಾಠದ ಜೊತೆಗೆ ಅವರ ಒಂದು ಹೊತ್ತಿನ ಊಟಾನೂ ಸೇರಿ ಒಳಗೆ ಉಳಿಯುತ್ತೆ. ಆಮೇಲೆ ಎಲ್ಲರೂ "ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ" ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ತಾರೆ.

ಯಾವ ಮಕ್ಕಳ ಸುರಕ್ಷತೆ? ನಾನು ಕೇಳ್ತಿರೋದು ಅಷ್ಟೇ.

ಮನೆ ಅಂದ್ರೆ ಯಾವ ಮನೆ?

ರಜೆ ಆದೇಶದ ಹಿಂದೆ ಒಂದು ನಂಬಿಕೆ ಇದೆ. ಶಾಲೆ ಅಪಾಯ, ಮನೆ ಸುರಕ್ಷಿತ. ಈ ನಂಬಿಕೆ ಆರ್‌ಸಿಸಿ ಮನೆಯವರದ್ದು. ಬೆಚ್ಚಗೆ ಹೊದ್ದು ಮಲಗೋದು, ಅಮ್ಮ ಮಾಡಿದ ಬಜ್ಜಿ, ಕಿಟಕಿಯಲ್ಲಿ ಮಳೆ ನೋಡಿ ಸ್ಟೇಟಸ್ ಹಾಕೋದು. ಇರಲಿ, ಅವರ ಸುಖದ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ.

ಆದ್ರೆ ನಮ್ಮ ಕೇರಿಗಳು ಎಲ್ಲಿವೆ ಅಂತ ಒಮ್ಮೆ ಕಣ್ಣು ಬಿಟ್ಟು ನೋಡಿ. ಊರಿನ ಎತ್ತರದ ಜಾಗ ಯಾರದ್ದು, ತಗ್ಗು ಯಾರದ್ದು? ಹಳ್ಳದ ದಂಡೆ, ಕೆರೆಯ ಕೆಳಗು, ಗುಡ್ಡ ಕಡಿದು ಮಟ್ಟ ಮಾಡಿದ ಅಂಚು, ಊರಿನ ಚರಂಡಿ ಹೋಗಿ ಸೇರೋ ಮೂಲೆ. ನಮಗೆ ಜಾಗ ಅಂತ ಸಿಕ್ಕಿದ್ದೇ ಇವು. ಮಳೆ ನೀರಿಗೆ ಜಾತಿ ಗೊತ್ತಿಲ್ಲ ಅಂತಾರೆ. ನೀರಿಗೆ ಗೊತ್ತಿಲ್ಲದೆ ಇರಬಹುದು, ಊರು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ನೀರು ಪ್ರತಿ ಸಲ ಮೊದಲು ನಮ್ಮ ಬಾಗಿಲಿಗೇ ಬರುತ್ತೆ.

2019ರ ಡಿಸೆಂಬರ್ 2, ತಮಿಳುನಾಡಿನ ಮೇಟ್ಟುಪಾಳಯಂ ಹತ್ತಿರದ ನಡೂರು. ದಲಿತರ ಮನೆಗಳ ಪಕ್ಕದಲ್ಲೇ ಎತ್ತರಕ್ಕೆ ಕಟ್ಟಿದ್ದ ಗೋಡೆ ಮಳೆಗೆ ಕುಸಿದು ಬೆಳಗಿನ ಜಾವ ಮಲಗಿದ್ದ 17 ಜನ ಸತ್ತರು. ಅಲ್ಲಿನ ಜನ ಅದನ್ನು ಜಾತಿ ಗೋಡೆ ಅಂತಲೇ ಕರೀತಿದ್ರು. 2024ರ ಜೂನ್ 26ಕ್ಕೆ ನಮ್ಮ ಉಳ್ಳಾಲದ ಹತ್ತಿರ ಪಕ್ಕದ ಕಾಂಪೌಂಡ್ ಗೋಡೆ ಮನೆ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ಹೋದರು. ಅವರು ಮುಸ್ಲಿಂ ಕುಟುಂಬ. ಬಡವರ ಮನೆ ಮಳೆಗಾಲದಲ್ಲಿ ಎಷ್ಟು ಸುರಕ್ಷಿತ ಅನ್ನೋದಕ್ಕೆ ಇನ್ನೇನು ಹೇಳಬೇಕು? ಇವರೆಲ್ಲ ಸತ್ತಿದ್ದು ರಸ್ತೆಯಲ್ಲಲ್ಲ, ಶಾಲೆಯಲ್ಲಲ್ಲ. ಮನೆಯೊಳಗೆ, ಮಲಗಿದ್ದಲ್ಲಿ.

ಇನ್ನೊಂದು ತಮಾಷೆ ನೋಡಿ. ಹೊಳೆ ಉಕ್ಕಿ ಊರು ಮುಳುಗಿದಾಗ, ಗುಡ್ಡ ಜಾರಿದಾಗ ಇದೇ ಜಿಲ್ಲಾಡಳಿತ ನಮ್ಮನ್ನು ಎಲ್ಲಿಗೆ ಕರ್ಕೊಂಡು ಹೋಗುತ್ತೆ? ಸರ್ಕಾರಿ ಶಾಲೆಗೆ! ಮೊದಲು ಗಂಜಿ ಕೇಂದ್ರ ಅಂತಿದ್ರು, ಈಗ ಕಾಳಜಿ ಕೇಂದ್ರ. 2018ರಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಆಲೇಖಾನ್ ಹೊರಟ್ಟಿ ಕಡೆ ಗುಡ್ಡ ಜಾರಿದಾಗ, ಅದೇ ವಾರ ಉತ್ತರ ಕರ್ನಾಟಕದಲ್ಲಿ ಕೃಷ್ಣೆ, ಮಲಪ್ರಭೆ ಉಕ್ಕಿದಾಗ, ಜನರನ್ನು ಸೇರಿಸಿದ್ದು ಇಂಥ ಕಟ್ಟಡಗಳಿಗೇ. ಅಂದ್ರೆ ಊರಿನಲ್ಲಿ ಗಟ್ಟಿ ಕಟ್ಟಡ ಯಾವುದು ಅಂತ ಸರ್ಕಾರಕ್ಕೆ ಗೊತ್ತಿದೆ. ಊರೆಲ್ಲ ಕೊಚ್ಚಿ ಹೋದಾಗ ಶಾಲೆ ಆಸರೆ, ಒಂದು ಮಗು ಗಂಜಿಯ ಹಂಗಿಲ್ಲದೆ ಬಿಸಿ ಅನ್ನ ಉಣ್ಣೋಕೆ ಬಂದಾಗ ಶಾಲೆ ಅಪಾಯ. ಇದ್ಯಾವ ನ್ಯಾಯ?

ಅದೇ ಮಳೆ ಕೂಲಿಯನ್ನೂ ಕಸಿಯುತ್ತೆ

ಜುಲೈ, ಆಗಸ್ಟ್ ಅಂದ್ರೆ ನಮ್ಮ ಹೆಣ್ಣುಮಕ್ಕಳಿಗೆ ಎರಡೇ ದಾರಿ. ಗದ್ದೆ ನಾಟಿ ಇದ್ರೆ ಮಳೆಯಲ್ಲೇ ಬೆನ್ನು ಬಗ್ಗಿಸಬೇಕು. ಆ ದಿನ ಮಗು ಒಬ್ಬಂಟಿ, ಇಲ್ಲಾ ಗದ್ದೆ ಬದುವಿನ ಮೇಲೆ ನೆನೀತಾ ಕೂತಿರುತ್ತೆ. ಮಳೆ ಜೋರಾಗಿ ತೋಟದ ಕೆಲಸ ನಿಂತರೆ ರೈಟ್ರು "ಇವತ್ತು ಕೆಲಸ ಇಲ್ಲ, ಹೋಗಿ" ಅಂತಾರೆ. ಕೆಲಸ ಇಲ್ಲ ಅಂದ್ರೆ ಕೂಲಿ ಇಲ್ಲ. ಕೂಲಿ ಇಲ್ಲದ ದಿನ ಅಕ್ಕಿ ಡಬ್ಬದ ತಳ ಕಾಣುತ್ತೆ. ಸೌದೆ ಒದ್ದೆ, ಒಲೆ ಹತ್ತಲ್ಲ.

ಗಮನಿಸಿ, ಅದೇ ಮಳೆ, ಅದೇ ದಿನ. ಅವ್ವನ ಕೂಲಿ ಹೋಯ್ತು, ಮಗನ ಬಿಸಿಯೂಟ ಹೋಯ್ತು. ವರ್ಷದಲ್ಲಿ ಆ ಊಟ ಅತ್ಯಂತ ಬೇಕಾಗಿರೋ ದಿನವನ್ನೇ ಹುಡುಕಿ ಸರ್ಕಾರ ಅಡುಗೆಮನೆಗೆ ಬೀಗ ಹಾಕುತ್ತೆ.

ಯಾರೋ ಒಬ್ಬರು ಮೇಷ್ಟ್ರು ನನಗೆ ಹೇಳಿದ್ರು, "ಅಕ್ಕಾ, ರಜೆ ದಿನದ ಪಾಠ ಶನಿವಾರ ಮಧ್ಯಾಹ್ನ, ಭಾನುವಾರ, ದಸರಾ ರಜೆಯಲ್ಲಿ ತುಂಬಿಸ್ತೀವಿ. ಆವತ್ತು ಊಟಾನೂ ಕೊಡ್ತೀವಿ. ಲೆಕ್ಕ ಸರಿಹೋಗುತ್ತೆ." ಮೇಷ್ಟ್ರದ್ದು ತಪ್ಪಿಲ್ಲ, ಒಳ್ಳೆಯವರು. ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ಆಗಬೇಕು ಅನ್ನುತ್ತೆ. ಅವರು ಆ ಲೆಕ್ಕ ತುಂಬಿಸಬೇಕು. ಪಾಠದ ಲೆಕ್ಕ ನವೆಂಬರ್‌ನಲ್ಲಿ ತುಂಬಿಸಬಹುದು. ಜುಲೈ ಹಸಿವನ್ನು ನವೆಂಬರ್‌ನಲ್ಲಿ ತುಂಬಿಸೋಕೆ ಬರುತ್ತಾ ಮೇಷ್ಟ್ರೇ? ಹೊಟ್ಟೆ ವರ್ಷದ ಲೆಕ್ಕ ಬರೆದಿಟ್ಟುಕೊಳ್ಳಲ್ಲ.

"ಹಾಗಾದ್ರೆ ಭಾನುವಾರ ಏನು ಮಾಡ್ತೀರಿ?" ಅಂತ ಕೇಳೋರೂ ಇದ್ದಾರೆ. ಭಾನುವಾರ ಬರುತ್ತೆ ಅಂತ ಅವ್ವನಿಗೆ ಸೋಮವಾರವೇ ಗೊತ್ತಿರುತ್ತೆ. ಶನಿವಾರದ ಬಟವಾಡೆಯಲ್ಲಿ ಏನೋ ತಂದಿಟ್ಟಿರ್ತಾಳೆ. ಮಳೆ ರಜೆ ಬರೋದು ಹಿಂದಿನ ರಾತ್ರಿ ಒಂಬತ್ತಕ್ಕೆ, ಇಲ್ಲಾ ಅವತ್ತು ಬೆಳಿಗ್ಗೆ ಎಂಟಕ್ಕೆ. ಒಂದು ದಿನ ಅಂತ ಶುರುವಾಗಿ ನಾಲ್ಕು ದಿನ ಎಳೆಯುತ್ತೆ.

ಕಾನೂನಿನ ಒಂದು ಪದ

ಇಲ್ಲಿ ಒಂದು ಸೂಕ್ಷ್ಮ ಇದೆ, ನಮ್ಮ ಸಂಗಾತಿಗಳು ದಯವಿಟ್ಟು ಗುರುತು ಹಾಕಿಕೊಳ್ಳಿ.

ಬಿಸಿಯೂಟ ಯಾರಪ್ಪನ ಮನೆಯ ದಾನ ಅಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಪಿಯುಸಿಎಲ್ ಪ್ರಕರಣದಲ್ಲಿ ಸರ್ಕಾರಿ, ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಅಂತ ಆದೇಶ ಮಾಡ್ತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯದ 7 ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದನ್ನು ಹಕ್ಕಾಗಿ ಬರೆಯಿತು. ಆದ್ರೆ ಹೇಗೆ ಬರೆಯಿತು? 8ನೇ ತರಗತಿವರೆಗಿನ ಮಕ್ಕಳಿಗೆ ಪ್ರತಿದಿನ ಉಚಿತ ಊಟ, ಶಾಲಾ ರಜಾದಿನಗಳನ್ನು ಬಿಟ್ಟು.

"ಬಿಟ್ಟು." ಆ ಹುಡುಗಿಯ ತಟ್ಟೆ ಬಿದ್ದು ಹೋಗಿರೋದು ಈ ಒಂದು ಪದದ ಸಂದಿಯಲ್ಲಿ.

2015ರ ಮಧ್ಯಾಹ್ನದ ಊಟದ ನಿಯಮಗಳ ಪ್ರಕಾರ ಶಾಲೆ ನಡೆಯುವ ದಿನ ಅಕ್ಕಿ ಇಲ್ಲ, ಗ್ಯಾಸ್ ಇಲ್ಲ, ಅಡುಗೆಯವರು ಬಂದಿಲ್ಲ ಅಂತ ಊಟ ತಪ್ಪಿದ್ರೆ ರಾಜ್ಯ ಸರ್ಕಾರ ಆ ಮಗುವಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕು. ಅದೇ ದಿನವನ್ನು "ರಜೆ" ಅಂತ ಕರೆದುಬಿಟ್ರೆ? ಊಟವೂ ಇಲ್ಲ, ಭತ್ಯೆಯೂ ಇಲ್ಲ. ಒಂದು ಸಹಿಯಿಂದ ಹಕ್ಕು ಆವಿಯಾಗುತ್ತೆ. ಡಿಸಿ ಸಾಹೇಬರು ಮಕ್ಕಳ ಊಟ ಕಿತ್ತುಕೊಳ್ಳಬೇಕು ಅಂತ ಸಹಿ ಹಾಕಲ್ಲ, ನನಗೂ ಗೊತ್ತು. ಸಹಿ ಹಾಕುವಾಗ ಊಟದ ನೆನಪೇ ಬರಲ್ಲ. ಅವರ ಮನೆಯಲ್ಲಿ ಮಗುವಿನ ಊಟಕ್ಕೂ ಶಾಲೆಗೂ ಸಂಬಂಧ ಇಲ್ವಲ್ಲ.

ಹಾಗಂತ ರಜೆಯಲ್ಲಿ ಊಟ ಕೊಡೋಕೆ ಆಗೋದೇ ಇಲ್ವಾ? ಆಗುತ್ತೆ, ಕೊಟ್ಟಿದ್ದಾರೆ! ಬರ ಬಿದ್ದ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಿ ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. 2016ರಲ್ಲಿ ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ ಮತ್ತೆ ಹೇಳಿದೆ. 2024ರ ಬೇಸಿಗೆಯಲ್ಲಿ ನಮ್ಮದೇ ರಾಜ್ಯ ಸರ್ಕಾರ 223 ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಶಾಲೆಯಲ್ಲಿ ಊಟ ಕೊಡೋಕೆ ಆದೇಶ ಮಾಡ್ತು. ಶಾಲೆಗೆ ರಜೆ, ಅಡುಗೆಮನೆಗೆ ರಜೆ ಇಲ್ಲ.

ಮಳೆ ಬಾರದೆ ಕೂಲಿ ಹೋದಾಗ ಮಕ್ಕಳ ಹಸಿವು ಕೋರ್ಟಿಗೆ ಕಾಣುತ್ತೆ, ಸರ್ಕಾರಕ್ಕೂ ಕಾಣುತ್ತೆ. ಮಳೆ ಹೆಚ್ಚಾಗಿ ಕೂಲಿ ಹೋದಾಗ ಯಾಕೆ ಕಾಣಲ್ಲ? ಬರಕ್ಕೊಂದು ಹಸಿವು, ನೆರೆಗೊಂದು ಹಸಿವು ಅಂತ ಬೇರೆ ಬೇರೆ ಇದೆಯಾ?

ರಜೆ ಯಾರ ಮಾತು ಕೇಳಿ ಬರುತ್ತೆ?

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಚುನಾಯಿತ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. ಜನರಿಂದ ಆಯ್ಕೆಯಾದವರೊಬ್ಬರು ಆ ಕೋಣೆಯಲ್ಲಿ ಕೂತಿರಬೇಕು ಅಂತ ಕಾಯ್ದೆ ಬರೆದವರಿಗೂ ಅನ್ನಿಸಿತ್ತು. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ. ಆ ಕುರ್ಚಿ ಖಾಲಿ. ಮೀಸಲಾತಿಯಲ್ಲಿ ಗೆದ್ದು ಬಂದ ನಮ್ಮ ಹೆಣ್ಣುಮಗಳೊಬ್ಬಳು ಅಲ್ಲಿ ಕೂತಿದ್ರೆ "ಸಾರ್, ಊಟದ್ದು ಏನು ಮಾಡ್ತೀರಿ" ಅಂತ ಒಂದು ಮಾತಾದ್ರೂ ಕೇಳ್ತಿದ್ದಳೇನೋ.

ಹಾಗಾದ್ರೆ ಅಧಿಕಾರಿಗಳ ಕಿವಿಗೆ ಬೀಳೋ ದನಿ ಯಾರದ್ದು? ಮಳೆ ಶುರುವಾದ್ರೆ ಸಾಕು, ಡಿಸಿ ಪೇಜಿನ ಕೆಳಗೆ ಕಾಮೆಂಟುಗಳ ಸುರಿಮಳೆ. "ಸಾರ್ ರಜೆ ಕೊಡಿ", "ಸಾರ್ ಪಕ್ಕದ ಜಿಲ್ಲೇಲಿ ಕೊಟ್ಟಿದ್ದಾರೆ." ಕೊಟ್ರೆ ಡಿಸಿ ಹೀರೋ, ಕೊಡದಿದ್ರೆ ಟ್ರೋಲು. ಖಾಸಗಿ ಶಾಲೆಯ ಪೋಷಕರ ವಾಟ್ಸ್ಯಾಪ್ ಗ್ರೂಪುಗಳು, ಶಾಲಾ ಬಸ್ಸಿನ ಚಿಂತೆ, ಟ್ರಾಫಿಕ್ಕಿನ ಚಿಂತೆ. ಅವರ ಚಿಂತೆ ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಆ ಜಗುಲಿ ಮೇಲೆ ನಿಂತಿದ್ದ ಏಳು ಮಕ್ಕಳ ಅವ್ವಂದಿರು ಯಾವ ಡಿಸಿಗೂ ಕಾಮೆಂಟು ಹಾಕಿಲ್ಲ. ರಜೆ ಕೊಡಿ ಅಂತ ಕೇಳಿದ್ದು ಫೋನು ಇದ್ದವರು, ರಜೆ ಕೊಟ್ಟಿದ್ದು ಗೊತ್ತಾಗಿದ್ದೂ ಫೋನು ಇದ್ದವರಿಗೇ. ಫೋನು ಇಲ್ಲದವರು ಮೂರು ಕಿಲೋಮೀಟರ್ ನೆಂದು ಬಂದು ಬೀಗ ನೋಡಿಕೊಂಡು ಹೋಗಬೇಕು. "ಅಪಾಯದ ಮಳೆಯಲ್ಲಿ ಮಗು ನಡೆಯಬಾರದು" ಅಂತ ಹೊರಡಿಸಿದ ಆದೇಶದಿಂದಲೇ ಆ ಮಕ್ಕಳು ಅವತ್ತು ಆ ಮಳೆಯಲ್ಲಿ ಎರಡು ಸಲ ನಡೆದರು. ಸುಳ್ಳು ಆದೇಶಗಳ ಫಾರ್ವರ್ಡುಗಳದ್ದು ಇನ್ನೊಂದು ಕಾಟ. ಅಸಲಿ ಯಾವುದು ನಕಲಿ ಯಾವುದು ಅಂತ ಓದು ಬಾರದ ಅವ್ವ ಯಾರನ್ನು ಕೇಳಬೇಕು?

ಮಳೆಮಾಪಕ ಪಂಚಾಯಿತಿಗೆ, ಬೀಗ ಜಿಲ್ಲೆಗೆ

ನಮ್ಮ ಚಿಕ್ಕಮಗಳೂರು ಜಿಲ್ಲೆಯನ್ನೇ ತಗೊಳ್ಳಿ. ಕೊಟ್ಟಿಗೆಹಾರ, ಶೃಂಗೇರಿ ಕಡೆ ಆಕಾಶ ಹರಿದು ಬೀಳ್ತಿರುತ್ತೆ. ಅದೇ ಜಿಲ್ಲೆಯ ಕಡೂರಿನ ಬಯಲಲ್ಲಿ ರೈತ ಮೋಡ ನೋಡ್ತಾ ಕೂತಿರ್ತಾನೆ. ಹವಾಮಾನ ಇಲಾಖೆ ಇಡೀ ಜಿಲ್ಲೆಗೆ ಒಂದು ಬಣ್ಣ ಬಳಿಯುತ್ತೆ: ಹಳದಿ, ಕಿತ್ತಳೆ, ಕೆಂಪು. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದ್ರೆ ಭಾರಿ, 115.5 ದಾಟಿದ್ರೆ ಅತಿ ಭಾರಿ, 204.4 ದಾಟಿದ್ರೆ ಅದಕ್ಕೂ ಮೇಲೆ. ಈ ಬಣ್ಣ ಎಚ್ಚರಿಕೆಗೆ ಬೇಕು. ಆದ್ರೆ ಯಾವ ಹಳ್ಳದ ಯಾವ ಸಂಕ ಮುಳುಗಿದೆ ಅಂತ ಬಣ್ಣ ಹೇಳಲ್ಲ.

ಅದನ್ನು ಹೇಳೋಕೆ ಬೇರೆ ವ್ಯವಸ್ಥೆ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಹಾಕಿ, ಬಿದ್ದ ಮಳೆಯ ಲೆಕ್ಕವನ್ನು ತಾನಾಗಿಯೇ ಬೆಂಗಳೂರಿಗೆ ತರಿಸಿಕೊಳ್ಳುತ್ತೆ. ಮಳೆಯನ್ನು ಪಂಚಾಯಿತಿ ಲೆಕ್ಕದಲ್ಲಿ ಅಳೆಯುವ ಸರ್ಕಾರಕ್ಕೆ ಮಕ್ಕಳನ್ನು ಮಾತ್ರ ಜಿಲ್ಲೆ ಲೆಕ್ಕದಲ್ಲಿ, ಬಹಳ ಆದ್ರೆ ತಾಲ್ಲೂಕು ಲೆಕ್ಕದಲ್ಲಿ ನೋಡೋಕೆ ಗೊತ್ತು.

ಪ್ರತಿ ಶಾಲೆಗೂ ಒಂದು ಎಸ್‌ಡಿಎಂಸಿ ಇದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ನಮ್ಮಂಥವರ ಮಕ್ಕಳ ತಂದೆತಾಯಿಗೆ ತಕ್ಕ ಪ್ರಮಾಣದ ಜಾಗ ಇರಬೇಕು. ಯಾವ ಮಗು ಯಾವ ದಾರಿಯಲ್ಲಿ ಬರುತ್ತೆ, ಯಾವ ಹಳ್ಳ ಎಷ್ಟು ಹೊತ್ತಿಗೆ ಇಳಿಯುತ್ತೆ ಅಂತ ಆ ಅವ್ವಂದಿರಿಗೆ ಗೊತ್ತಿರೋ ಅಷ್ಟು ಯಾವ ಉಪಗ್ರಹಕ್ಕೂ ಗೊತ್ತಿಲ್ಲ. ಅವರನ್ನು ಯಾರು ಕೇಳಿದ್ದಾರೆ? ಆಗಸ್ಟ್ 15ಕ್ಕೆ ಮಿಠಾಯಿ ಹಂಚೋಕೆ ಮಾತ್ರ ಎಸ್‌ಡಿಎಂಸಿ ನೆನಪಾಗುತ್ತೆ.

ಇನ್ನೊಂದು ಮಾತು. ನಮ್ಮಲ್ಲಿ ಶಾಲೆ ಇದೆ, ಇಲ್ಲಾ ಇಲ್ಲ. ನಡುವೆ ಏನೂ ಇಲ್ಲ. ಅಮೆರಿಕದ ಹಿಮ ಬೀಳೋ ಊರುಗಳಲ್ಲಿ ಶಾಲೆಯನ್ನು ಎರಡು ಗಂಟೆ ತಡವಾಗಿ ಶುರು ಮಾಡೋ ಪದ್ಧತಿ ಇದೆ. ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಏಪ್ರಿಲ್, ಮೇ ಬಿಸಿಲಿಗೆ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ವರ್ಷ ವರ್ಷ ಬದಲಾಯಿಸ್ತಾರೆ. ಕಚೇರಿಗೆ ರಜೆ ಕೊಟ್ಟು ಬೀಗ ಹಾಕಲ್ಲ! ಸಾಹೇಬರ ನೆತ್ತಿ ಸುಡಬಾರದು, ಸಂಬಳವೂ ತಪ್ಪಬಾರದು, ಕೆಲಸವೂ ನಡೀಬೇಕು. ಒಳ್ಳೆಯದೇ. ನೌಕರರಿಗೆ ಬಿಸಿಲಿಗೆ ತಕ್ಕಂತೆ ಗಡಿಯಾರ ತಿರುಗಿಸೋಕೆ ಬರುತ್ತೆ ಅಂದ್ರೆ, ಮಕ್ಕಳಿಗೆ ಮಳೆಗೆ ತಕ್ಕಂತೆ ತಿರುಗಿಸೋಕೆ ಯಾಕೆ ಬರಲ್ಲ? ಬೆಳಿಗ್ಗೆ ಹಳ್ಳ ತುಂಬಿದ್ರೆ ಹನ್ನೊಂದೂವರೆಗೆ ಬನ್ನಿ, ಉಣ್ಣಿ, ಮೂರರೊಳಗೆ ಬೆಳಕಿರುವಾಗಲೇ ಹೊರಡಿ. ಮಳೆ ಬಿಡುವು ಕೊಡೋ ಎಷ್ಟೋ ದಿನ ಇದಿಷ್ಟೇ ಸಾಕು.

ಕಾಲುಸಂಕದ ಸಾಲ

ರಜೆ ಅನ್ನೋದು ಸರ್ಕಾರ ತೀರಿಸದೆ ಉಳಿಸಿಕೊಂಡ ಸಾಲಕ್ಕೆ ಕಟ್ಟೋ ಬಡ್ಡಿ. ಅದನ್ನೂ ನಮ್ಮ ಮಕ್ಕಳ ಕೈಯಲ್ಲಿ ಕಟ್ಟಿಸ್ತಾರೆ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಶಾಲಾ ಕಟ್ಟಡ ಎಲ್ಲ ಹವೆಗೂ ತಡೆಯುವ ಸರ್ವಋತು ಕಟ್ಟಡ ಆಗಿರಬೇಕು ಅಂತ ಬರೆದಿದೆ. 2010ರ ಕೇಂದ್ರದ ನಿಯಮಗಳಲ್ಲಿ 5ನೇ ತರಗತಿವರೆಗೆ ಮನೆಯಿಂದ 1 ಕಿಲೋಮೀಟರ್ ಒಳಗೆ, 8ರವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತಿದೆ. ಅಷ್ಟೇ ಅಲ್ಲ, ಭೂಕುಸಿತ, ನೆರೆ, ರಸ್ತೆ ಇಲ್ಲದಿರೋದು, ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಅಪಾಯ, ಇವೆಲ್ಲ ಇರುವ ಕಡೆ ಆ ದೂರವನ್ನು ಇನ್ನೂ ಕಡಿಮೆ ಮಾಡಿ ಶಾಲೆ ಕೊಡಬೇಕು ಅಂತಿದೆ. ಮಲೆನಾಡು, ಕರಾವಳಿಯನ್ನು ಕಣ್ಣ ಮುಂದಿಟ್ಟುಕೊಂಡೇ ಬರೆದ ಹಾಗಿದೆ. ಆದ್ರೆ ಇಲ್ಲಿ ನಡೀತಿರೋದು ತಿರುಗು ಮುರುಗು. ಮಕ್ಕಳು ಕಡಿಮೆ ಅಂತ ಹತ್ತಿರದ ಚಿಕ್ಕ ಶಾಲೆ ವಿಲೀನ, ಮಗು ಇನ್ನೂ ಒಂದು ಹಳ್ಳ ದಾಟಬೇಕು.

ಕಾಲುಸಂಕ ಕಟ್ಟೋಕೆ "ಶಾಲಾ ಸಂಪರ್ಕ ಸೇತು" ಅಂತ ಚೆಂದದ ಹೆಸರಿನ ಯೋಜನೆ ಬಂತು. ಕೆಲವು ಕಡೆ ಸಂಕ ಆಗಿದೆ, ಸಂತೋಷ. ಆಗದೇ ಉಳಿದಿರೋ ಕಡೆ ಅಡಿಕೆ ಮರದ ದಬ್ಬೆಗಳೇ ಇವತ್ತಿಗೂ ಸೇತುವೆ. ಸಂಕ ಪಟ್ಟಿಗೆ ಸೇರುವಾಗ ಯಾರ ತೋಟಕ್ಕೆ ಹೋಗೋ ದಾರಿ ಮೊದಲು ಬರುತ್ತೆ, ಕೇರಿಗೆ ಹೋಗೋ ದಾರಿ ಯಾವ ನಂಬರಿನಲ್ಲಿ ಇರುತ್ತೆ ಅಂತ ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1927ರಲ್ಲಿ ಬಾಬಾಸಾಹೇಬರು ಮಹಾಡ್‌ನ ಕೆರೆಗೆ ಹೋದದ್ದು ನೀರು ಕುಡಿಯೋ ಹಕ್ಕಿಗೆ. ನೂರು ವರ್ಷ ಆಗ್ತಾ ಬಂತು, ನಮ್ಮ ಮಕ್ಕಳು ನೀರು ದಾಟೋ ಹಕ್ಕಿಗೆ ಇನ್ನೂ ಅರ್ಜಿ ಬರೀತಾ ಇದ್ದೀವಿ.

ನಾವು ಕೇಳ್ತಿರೋದು ಇಷ್ಟು

ಬರೀ ಬೈದು ಸುಮ್ಮನಾಗೋದು ನಮ್ಮ ಚಳವಳಿ ಕಲಿಸಿದ ದಾರಿ ಅಲ್ಲ. ಕೇಳಬೇಕಾದ್ದನ್ನು ಎಣಿಸಿ ಹೇಳ್ತೀನಿ.

ಒಂದು. ಮಳೆ ರಜೆಯ ದಿನ ಪಾಠ ನಿಲ್ಲಲಿ, ಅಡುಗೆಮನೆ ನಿಲ್ಲದಿರಲಿ. ಹತ್ತಿರದಿಂದ ಬರಬಲ್ಲ ಮಗು ಬಂದು ಉಣ್ಣಲಿ. ಬರಲಾರದ ಮಗುವಿನ ಪಾಲನ್ನು ಕೇರಿಯ ಅಂಗನವಾಡಿಗೋ ಸಮುದಾಯ ಭವನಕ್ಕೋ ತಲುಪಿಸಿ. ಅದೂ ಆಗದ ಕೆಂಪು ಎಚ್ಚರಿಕೆಯ ದಿನಗಳಿಗೆ ಅಕ್ಕಿ, ಬೇಳೆ, ಎಣ್ಣೆ, ಮೊಟ್ಟೆಯನ್ನು ಜೂನ್ ಮೊದಲ ವಾರವೇ ಮನೆಗೆ ಕೊಡಿ. ಕೊರೋನಾ ಕಾಲದಲ್ಲಿ ರೇಷನ್ ಮನೆಗೆ ಕೊಟ್ಟ ಅನುಭವ ಇಲಾಖೆಗೆ ಇದೆ.

ಎರಡು. ವಿಪತ್ತಿನ ಕಾರಣಕ್ಕೆ ಮುಚ್ಚಿದ ದಿನವನ್ನು ಊಟದ ಲೆಕ್ಕದಲ್ಲಿ "ರಜೆ" ಅನ್ನಬೇಡಿ, ಊಟ ತಪ್ಪಿದ ಶಾಲಾ ದಿನ ಅನ್ನಿ. ಆಗ ಭತ್ಯೆ ಕೊಡಲೇಬೇಕಾಗುತ್ತೆ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಬರಕ್ಕೆ ಮಾಡಿದ ಹಾಗೆ ಒಂದು ಸರ್ಕಾರಿ ಆದೇಶ ಸಾಕು.

ಮೂರು. ಆವತ್ತು ಬಂದು ಬೇಯಿಸೋ ಅಡುಗೆ ಅಕ್ಕಂದಿರಿಗೆ ಹೆಚ್ಚಿನ ಹಣ ಕೊಡಿ, ಹೋಗಿ ಬರೋ ವ್ಯವಸ್ಥೆ ಮಾಡಿ. ಅವರೂ ನಮ್ಮ ನಿಮ್ಮಂಥ ಬಡ ಹೆಂಗಸರು. ಮಕ್ಕಳ ಹಸಿವಿನ ಹೆಸರಲ್ಲಿ ಅವರನ್ನು ಪುಕ್ಕಟೆ ದುಡಿಸೋದನ್ನು ನಾನು ಒಪ್ಪಲ್ಲ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ್ದನ್ನೂ ನೆನಪಿಸ್ತೀನಿ.

ನಾಲ್ಕು. ರಜೆಯೋ, ತಡ ಆರಂಭವೋ, ಬೇಗ ಬಿಡೋದೋ ಅನ್ನೋ ತೀರ್ಮಾನ ಪಂಚಾಯಿತಿ ಮಟ್ಟಕ್ಕೆ ಇಳಿಯಲಿ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ, ಪಿಡಿಓ ಕೂತು ಮಳೆಮಾಪಕ ನೋಡಿ, ಹಳ್ಳ ನೋಡಿ ನಿರ್ಧರಿಸಲಿ. ಡಿಸಿ ಕೆಂಪು ಎಚ್ಚರಿಕೆಯ ದಿನ ಇಡೀ ತಾಲ್ಲೂಕಿಗೆ ಆದೇಶ ಮಾಡೋ ಅಧಿಕಾರ ಇಟ್ಟುಕೊಳ್ಳಲಿ. ಶಿಕ್ಷಕರ ಮೇಲೆ ಹೊರಿಸಿ ಓಡಿಹೋಗೋಕೆ ಇದು ದಾರಿ ಆಗಬಾರದು. ತೀರ್ಮಾನ ಮೂವರ ಸಹಿಯಲ್ಲಿ ಇರಲಿ.

ಐದು. ಸುದ್ದಿ ಹಿಂದಿನ ಸಂಜೆ ಆರರೊಳಗೆ ಕೇರಿಗೆ ತಲುಪಬೇಕು. ಪಂಚಾಯಿತಿ ಕಸದ ಗಾಡಿಯಲ್ಲಿ ಮೈಕ್ ಇದೆಯಲ್ಲ, ಅದರಲ್ಲೇ ಕೂಗಿ. ಬೆಳಿಗ್ಗೆ ತೀರ್ಮಾನ ಮಾಡಲೇಬೇಕಾಗಿ ಬಂದ್ರೆ ಶಾಲೆಯ ಬೀಗ ತೆಗೆದು ಒಬ್ಬರು ಅಲ್ಲಿ ಇರಲೇಬೇಕು. ಯಾವ ಮಗುವೂ ಮುಚ್ಚಿದ ಬಾಗಿಲ ಮುಂದೆ ನಿಲ್ಲಬಾರದು.

ಆರು. ಪ್ರತಿ ಶಾಲೆಯೂ ಮೇ ತಿಂಗಳಲ್ಲೇ ಯಾವ ಮಗು ಯಾವ ಹಳ್ಳ, ಯಾವ ಸಂಕ ದಾಟಿ ಬರುತ್ತೆ ಅಂತ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಓದಲಿ. ಆ ಪಟ್ಟಿಯ ಸಂಕಗಳಿಗೆ ಮೊದಲು ಹಣ.

ಗೆಳೆಯರೇ, ಹತ್ತಿರದ ಶಾಲೆಯ ಎಸ್‌ಡಿಎಂಸಿ ಸಭೆ ಯಾವಾಗ ಅಂತ ಕೇಳಿ, ನಮ್ಮ ಹೆಣ್ಣುಮಕ್ಕಳನ್ನು ಕರ್ಕೊಂಡು ಹೋಗಿ ಕೂರಿಸಿ. ಈ ಆರು ಮಾತನ್ನು ಬಿಳಿ ಹಾಳೆಯಲ್ಲಿ ಬರೆದು ಬಿಇಓ, ತಹಸೀಲ್ದಾರ್, ಡಿಸಿ ಮೂವರಿಗೂ ಕೊಟ್ಟು ಸ್ವೀಕೃತಿ ತಗೊಳ್ಳಿ. ನಿಮ್ಮ ತಾಲ್ಲೂಕಿನಲ್ಲಿ ಹೋದ ಮಳೆಗಾಲ ಎಷ್ಟು ದಿನ ಶಾಲೆ ಮುಚ್ಚಿತ್ತು, ಅದರಲ್ಲಿ ಎಷ್ಟು ದಿನದ ಭತ್ಯೆ ಕೊಟ್ಟಿದ್ದಾರೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಉತ್ತರ ಬಂದಾಗ ನನಗೂ ಕಳಿಸಿ, ಒಟ್ಟು ಮಾಡೋಣ.

ಅವತ್ತು ಆ ಏಳು ಮಕ್ಕಳನ್ನು ನಾನು ನಮ್ಮ ಮನೆಗೆ ಕರ್ಕೊಂಡು ಹೋದೆ. ನಮ್ಮವ್ವ ಅನ್ನ, ಹುರುಳಿ ಸಾರು ಮಾಡಿ ಬಡಿಸಿದಳು. ಇದನ್ನು ದೊಡ್ಡಸ್ತಿಕೆಗೆ ಹೇಳ್ತಿಲ್ಲ, ನಾಚಿಕೆಯಿಂದ ಹೇಳ್ತಿದ್ದೀನಿ. ಯಾಕಂದ್ರೆ ಮಾರನೇ ದಿನವೂ ರಜೆ ಇತ್ತು, ಅದರ ಮಾರನೇ ದಿನವೂ ಇತ್ತು. ಆ ಎರಡು ದಿನ ಆ ಮಕ್ಕಳು ಏನು ಉಂಡವು ಅಂತ ನಾನೂ ಹೋಗಿ ಕೇಳಲಿಲ್ಲ. ಒಬ್ಬಳು ಅಕ್ಕನ ಮನೆ ಸಾರಿನಿಂದ ಮುಗಿಯೋ ವಿಷಯ ಇದಲ್ಲ. ಆ ಹುಡುಗಿ ಕೇಳಿದ್ದು ನನ್ನ ಕರುಣೆಯನ್ನಲ್ಲ, ಅವಳ ಪಾಲನ್ನು.

ಈ ಸಲದ ಮಳೆ ಬರೋಕೆ ಬಹಳ ದಿನ ಇಲ್ಲ. ಅವಳು ಈಗ ಮೂರನೇ ಕ್ಲಾಸು. ಮತ್ತೆ ಜಗುಲಿ ಮೇಲೆ ನಿಂತು "ಹಂಗಾರೆ ಊಟ?" ಅಂತ ಕೇಳುವ ಮೊದಲು ನಾವು ಕೇಳೋಣ. ಜೋರಾಗಿ ಕೇಳೋಣ.

ಜೈ ಭೀಮ್.